ಬೇರೆ ಹೋಗೋದಾ, ಕೂಡಿ ಇರೋದಾ? ಗ್ಲಾಸ್ಗೋ ಅಳಿಯನಿಗೆ ಕಲಬುರಗಿಯಿಂದ ಒಂದು ಲೆಕ್ಕ

ನನ್ನ ತಂಗಿಯ ಮಗ ಗ್ಲಾಸ್ಗೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಭಾನುವಾರ ನಾವು ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ ಅವನು ಎದ್ದು ಚಹಾ ಕುಡಿಯುತ್ತಿರುತ್ತಾನೆ. ಆಗ ಫೋನ್ ಬರುತ್ತದೆ. ಮಳೆ ಸುದ್ದಿ, ಅವರಮ್ಮನ ಮೊಣಕಾಲು ನೋವು, ತೊಗರಿ ರೇಟು. ಇಷ್ಟು ಮುಗಿದ ಮೇಲೆ ಮೊನ್ನೆ ಹೊಸದೊಂದು ತೆಗೆದ.

"ಮಾಮಾ, ಇಲ್ಲಿ ಆಫೀಸಿನ್ಯಾಗ ಎಲ್ಲಾರೂ ಕೇಳ್ತಾರ, ಸ್ಕಾಟ್ಲೆಂಡ್ ಬ್ರಿಟನ್ ಬಿಟ್ಟು ಬ್ಯಾರೆ ದೇಶ ಆಗ್ಬೇಕೋ ಬ್ಯಾಡೋ ಅಂತ. ಇನ್ನೊಮ್ಮೆ ವೋಟಿಂಗ್ ಆದ್ರ ನಂಗೂ ವೋಟ್ ಇರ್ತದ. ಏನ್ ಹೇಳ್ಲಿ?"

ವೋಟಿನ ಮಾತು ಖರೆ. 2014ರಲ್ಲಿ ಇದೇ ಪ್ರಶ್ನೆಗೆ ಅಲ್ಲಿ ಮತದಾನ ಆದಾಗ, ಅಲ್ಲಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶದವರಿಗೂ ಮತ ಇತ್ತು. 16 ತುಂಬಿದ ಹುಡುಗರಿಗೂ ಇತ್ತು. ಆದರೆ ಹೊಟ್ಟೆಪಾಡಿಗೆ ಲಂಡನ್‌ಗೆ ಹೋಗಿ ಕೂತ ಅಸಲಿ ಸ್ಕಾಟಿಗೆ ಇರಲಿಲ್ಲ. ಸೇಡಂ ತಾಲೂಕಿನ ಹುಡುಗ ಹೇಳಬಹುದು, ಎಡಿನ್‌ಬರೋದಲ್ಲಿ ಹುಟ್ಟಿ ಲಂಡನ್‌ನಲ್ಲಿ ಇರುವವನು ಹೇಳುವ ಹಾಗಿಲ್ಲ. ಮಜಾ ಅಲ್ವಾ?

ಫೋನಿನಲ್ಲಿ ಅಂದೇ ಏನೋ ಒಂದು ಹೇಳಿ ಮುಗಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ನಾಲ್ಕು ದಿನ ಓದಿ ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ಕಾಟ್ಲೆಂಡ್ ಅಂತಲ್ಲ, ಎಲ್ಲಿಯಾದರೂ ಸಣ್ಣ ನಾಡೊಂದು ದೊಡ್ಡ ಒಕ್ಕೂಟದಿಂದ ಬೇರೆ ಹೋಗಲಾ ಅಂತ ಕೇಳಿದರೆ ಏನೇನು ತೂಗಿ ನೋಡಬೇಕು ಅನ್ನೋದು ಇದರಲ್ಲಿ ಬರುತ್ತದೆ.

ನಮಗೇನು ಸಂಬಂಧ ಅಂತೀರಾ? 2011ರ ಜನಗಣತಿ ತೆಗೆದು ನೋಡಿ. ಕಲಬುರಗಿ ಜಿಲ್ಲೆ 25.66 ಲಕ್ಷ, ಬೀದರ್ 17.03 ಲಕ್ಷ, ಯಾದಗಿರಿ 11.74 ಲಕ್ಷ. ಕೂಡಿಸಿದರೆ 54.4 ಲಕ್ಷ. 2022ರ ಗಣತಿಯಲ್ಲಿ ಸ್ಕಾಟ್ಲೆಂಡಿನ ಜನಸಂಖ್ಯೆಯೂ ಹೆಚ್ಚೂಕಡಿಮೆ 54.4 ಲಕ್ಷವೇ. ನಮಗೆ ಬೆಂಗಳೂರು ಆರುನೂರು ಕಿಲೋಮೀಟರ್ ಆಚೆ, ಅವರಿಗೆ ಲಂಡನ್ ಅಷ್ಟೇ ಆಚೆ. ಅವರು ಮತ ಹಾಕಿದ್ದು 2014ರ ಸೆಪ್ಟೆಂಬರ್ 18ಕ್ಕೆ. ನಾವು ಅದರ ಹಿಂದಿನ ದಿನವೇ, ನಿಜಾಮರ ಆಳ್ವಿಕೆ ಮುಗಿದ ನೆನಪಿನ ವಿಮೋಚನಾ ದಿನದ ಧ್ವಜ ಹಾರಿಸಿ ಬೂಂದಿ ತಿಂದಿದ್ದೆವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ಆಗಾಗ ಕೇಳುವುದು ಪ್ರತ್ಯೇಕ ರಾಜ್ಯದ ಮಾತು. ಅದಕ್ಕೆ ಸಂವಿಧಾನದ 3ನೇ ವಿಧಿಯಲ್ಲಿ ದಾರಿ ಇದೆ. ದೇಶ ಬಿಡುವ ದಾರಿ ನಮ್ಮ ಸಂವಿಧಾನದಲ್ಲಿ ಇಲ್ಲ, ಆ ಮಾತೂ ಇಲ್ಲಿ ಇಲ್ಲ. ಎರಡನ್ನೂ ಕಲಸಬೇಡಿ. ನಾನು ನಮ್ಮೂರಿನ ಕಥೆ ತರುವುದು ಅಳತೆಗೋಲಿಗೆ ಮಾತ್ರ.

ಮೊದಲು ಒಂದು ಹೊಲದ ಕಥೆ

ನಮ್ಮ ಅಪ್ಪ ಮತ್ತು ಕಾಕಾ ಹದಿನೆಂಟು ಎಕರೆ ವಾಟ್ನಿ ಮಾಡಿಕೊಂಡಾಗ ನಾನು ಪಿಯುಸಿ ಓದುತ್ತಿದ್ದೆ. ಪಂಚರು ಬಂದರು, ಬೇವಿನ ಮರದ ಕೆಳಗೆ ಕೂತರು, ಹಗ್ಗ ಹಿಡಿದು ಅಳೆದರು. ಒಂಬತ್ತು ಒಂಬತ್ತು ಎಕರೆ. ಮೇಲಿನ ಹೊಲ ಕಾಕಾಗೆ, ಕೆಳಗಿನದು ನಮಗೆ. ಬಾವಿ ಮೇಲಿನ ಹೊಲದಲ್ಲಿತ್ತು. "ಬಾವಿ ಇಬ್ಬರದು, ನೀರು ಪಾಳಿ ಪ್ರಕಾರ" ಅಂತ ಬಾಂಡ್ ಪೇಪರ್ ಮೇಲೆ ಬರೆದರು. ಸಂಜೆಯೊಳಗೆ ಎಲ್ಲ ಮುಗಿದು ಎರಡೂ ಮನೆಯವರು ಕೂಡಿ ಹೋಳಿಗೆ ಉಂಡೆವು.

ಬಾವಿಗೆ ಹೋಗುವ ದಾರಿ ಯಾರದು ಅಂತ ಯಾರೂ ಬರೆದಿರಲಿಲ್ಲ. ಯಾಕಂದ್ರೆ ಆ ದಿನ ಯಾರಿಗೂ ಅದು ಪ್ರಶ್ನೆ ಅನ್ನಿಸಿರಲಿಲ್ಲ. ಎರಡು ವರ್ಷ ಬಿಟ್ಟು ಕಾಕಾ ಆ ದಾರಿ ಮೇಲೂ ತೊಗರಿ ಬಿತ್ತಿದ. ಅವನ ನೆಲ, ಅವನು ಬಿತ್ತಿದ, ತಪ್ಪೇನು? ನಮ್ಮ ಎತ್ತು ಬಾವಿಗೆ ಹೋಗುವುದು ಹೇಗೆ? ನೆಲ ಹಂಚೋಕೆ ಒಂದು ಮಧ್ಯಾಹ್ನ ಸಾಕಾಗಿತ್ತು. ಆರು ಅಡಿ ದಾರಿಗೆ ಹನ್ನೊಂದು ವರ್ಷ ಕೋರ್ಟಿಗೆ ಅಲೆದೆವು.

ಸ್ಕಾಟ್ಲೆಂಡಿನ ಬಗ್ಗೆ ಓದುವಾಗೆಲ್ಲ ನನಗೆ ನೆನಪಾಗಿದ್ದು ಈ ದಾರಿ. ಬೇರೆ ಆಗಬೇಕಾ ಬೇಡವಾ ಅಂತ ಜನ ಸ್ವಾಭಿಮಾನದ ಮಾತು, ಇತಿಹಾಸದ ಮಾತು ಆಡುತ್ತಾರೆ. ಆಡಲಿ. ನಾನು ಮಾತ್ರ ಎರಡೇ ಕೇಳುತ್ತೇನೆ. ಬೇರೆ ಆದ ಮೇಲೂ ಕೂಡಿಯೇ ಉಳಿಯುವ ವಸ್ತು ಯಾವುವು? ಅವುಗಳ ಬಗ್ಗೆ ಕಾಗದದಲ್ಲಿ ಏನು ಬರೆದಿದೆ? ಕೂಡಿ ಇರುತ್ತೇನೆ ಅನ್ನುವವರಿಗೂ ಇದೇ ಪ್ರಶ್ನೆ. ಕೂಡಿ ಇದ್ದರೆ ಏನು ಕೊಡುತ್ತಾರೆ, ಅದನ್ನು ಎಲ್ಲಿ ಬರೆದಿದ್ದಾರೆ?

ದಾರಿ ಒಂದು: ಇದ್ದ ಹಾಗೇ ಇರುವುದು

ಇದನ್ನು ಬೇಗ ಮುಗಿಸುತ್ತೇನೆ. 1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನ ಜೊತೆ ಸೇರಿತು. ಅದಕ್ಕೂ ಮೊದಲು ಪನಾಮಾದ ಡೇರಿಯನ್‌ನಲ್ಲಿ ವಸಾಹತು ಕಟ್ಟಲು ಹೋಗಿ ಸ್ಕಾಟರು ಕೈಸುಟ್ಟುಕೊಂಡಿದ್ದರು, ಬಹಳ ಮಂದಿಯ ಗಂಟು ಮುಳುಗಿತ್ತು. ಸೇರುವಾಗ ಇಂಗ್ಲೆಂಡ್ ಸುಮಾರು 4 ಲಕ್ಷ ಪೌಂಡ್ ಕೊಟ್ಟಿತು. ಸ್ಕಾಟರು ಮೂರು ವಸ್ತು ಬಿಟ್ಟುಕೊಡಲಿಲ್ಲ: ತಮ್ಮ ಕಾನೂನು, ತಮ್ಮ ಚರ್ಚು, ತಮ್ಮ ಶಾಲೆ. ಮೂರೂ ಇವತ್ತಿಗೂ ಬೇರೆಯೇ ಇವೆ. ಕಾಗದದಲ್ಲಿ ಬರೆಸಿಕೊಂಡಿದ್ದರು, ಅದಕ್ಕೇ ಉಳಿದವು.

ಆದರೆ 1999ರವರೆಗೆ ಅವರಿಗೆ ಸ್ವಂತ ಸಂಸತ್ತು ಇರಲಿಲ್ಲ. ಇದ್ದ ಹಾಗೇ ಇರುವುದು ಅಂದರೆ ಅವರಲ್ಲಿ ಈಗ ಹಳೇ ಕಾಲಕ್ಕೆ ಹೋಗುವುದಲ್ಲ, ಅರ್ಧ ಅಧಿಕಾರ ಸಿಕ್ಕ ಇವತ್ತಿನ ಸ್ಥಿತಿಯಲ್ಲಿ ನಿಲ್ಲುವುದು. ಹಾಗಾಗಿ ಇದೂ ಎರಡನೇ ದಾರಿಗೇ ಬಂದು ಸೇರುತ್ತದೆ.

ದಾರಿ ಎರಡು: ಕೂಡಿ ಇದ್ದು, ಬರೆಸಿಕೊಳ್ಳುವುದು

ಇದರ ಬಗ್ಗೆ ನಮ್ಮ ಭಾಗದವರಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ಒಂದೇ ನಿಜಾಮ ರಾಜ್ಯ 1956ರಲ್ಲಿ ಮೂರು ಹೋಳಾಯಿತು. ಮರಾಠವಾಡಾ ಮುಂಬೈ ರಾಜ್ಯಕ್ಕೆ, ತೆಲಂಗಾಣ ಆಂಧ್ರಕ್ಕೆ, ನಾವು ಮೈಸೂರಿಗೆ. ಮೂರಕ್ಕೂ ಒಂದೇ ಸಮಸ್ಯೆ. ಹಿಂದುಳಿದ ಭಾಗ ಮುಂದುವರಿದ ದೊಡ್ಡ ಭಾಗವನ್ನು ಸೇರಿದೆ, ನೌಕರಿ ಮತ್ತು ದುಡ್ಡು ಅತ್ತ ಹರಿದುಹೋದರೆ ಏನು ಗತಿ?

ತೆಲಂಗಾಣದವರು 1956ರ ಫೆಬ್ರವರಿ 20ರಂದು ದೆಹಲಿಯಲ್ಲಿ ಆಂಧ್ರದ ನಾಯಕರ ಜೊತೆ ಒಪ್ಪಂದ ಮಾಡಿಕೊಂಡರು. ಅದಕ್ಕೆ ದೊಡ್ಡ ಮನುಷ್ಯರ ಒಪ್ಪಂದ ಅಂತಲೇ ಹೆಸರು. ತೆಲಂಗಾಣದ ಆದಾಯ ಅಲ್ಲೇ ಖರ್ಚಾಗಬೇಕು, ನೌಕರಿಯಲ್ಲಿ ಸ್ಥಳೀಯರಿಗೆ ಪಾಲು ಇರಬೇಕು, ಮುಖ್ಯಮಂತ್ರಿ ಒಂದು ಕಡೆಯವನಾದರೆ ಉಪಮುಖ್ಯಮಂತ್ರಿ ಇನ್ನೊಂದು ಕಡೆಯವನಾಗಬೇಕು. ಚೆನ್ನಾಗಿದೆ ಅಲ್ವಾ? ಆದರೆ ಅದಕ್ಕೆ ಸಂವಿಧಾನದ ಬಲ ಇರಲಿಲ್ಲ. ಮೊದಲ ಮಂತ್ರಿಮಂಡಲದಲ್ಲೇ ಉಪಮುಖ್ಯಮಂತ್ರಿ ಹುದ್ದೆ ಇಲ್ಲದಂತಾಯಿತು. 1969ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ಗೋಲಿಬಾರ್ ಆಯಿತು. 1973ರಲ್ಲಿ ನೌಕರಿ, ಸೀಟಿನಲ್ಲಿ ಸ್ಥಳೀಯರಿಗೆ ಪಾಲು ಕೊಡಲು ಸಂವಿಧಾನದಲ್ಲಿ 371(ಡಿ) ವಿಧಿ ಬಂತು, ಆದರೆ ಅಷ್ಟೊತ್ತಿಗೆ ಮನಸ್ಸು ಒಡೆದಿತ್ತು. 2014ರ ಜೂನ್ 2ಕ್ಕೆ ತೆಲಂಗಾಣ ಬೇರೆ ರಾಜ್ಯವೇ ಆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ಕಾಟರು ಬೇಡ ಅಂದರು.

ನಮ್ಮದು ನಿಧಾನದ ಕಥೆ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟು, ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ನಮ್ಮ ವಿಭಾಗದಲ್ಲೇ ಇವೆ ಅಂತ ಹೇಳಿತು. ಅದನ್ನು ಹೇಳೋಕೆ ಸಮಿತಿ ಬೇಕಿರಲಿಲ್ಲ, ವಾಡಿಯಿಂದ ಒಂದು ಬಸ್ ಹತ್ತಿದರೆ ಸಾಕಿತ್ತು. ಆದರೆ ಸರ್ಕಾರಕ್ಕೆ ಅಂಕಿ ಬೇಕು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ 371ರ ಹೋರಾಟ ಮಾಡಿದರು. ದೆಹಲಿ ಒಮ್ಮೆ ಆಗುವುದಿಲ್ಲ ಅಂದಿತು. ಕೊನೆಗೆ 2012ರ ಡಿಸೆಂಬರಿನಲ್ಲಿ ಸಂಸತ್ತು 98ನೇ ತಿದ್ದುಪಡಿ ಒಪ್ಪಿತು, 2013ರಲ್ಲಿ 371(ಜೆ) ಜಾರಿಗೆ ಬಂತು. ನಮ್ಮ ಭಾಗದ ಕಾಲೇಜುಗಳಲ್ಲಿ 70 ಶೇಕಡಾ ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಶೇಕಡಾ, ಸ್ಥಳೀಯ ಸಿ ದರ್ಜೆ ನೌಕರಿಯಲ್ಲಿ 80, ಡಿ ದರ್ಜೆಯಲ್ಲಿ 85 ಶೇಕಡಾ.

ಇದರಿಂದ ಎಲ್ಲ ಸರಿಹೋಯಿತಾ? ಇಲ್ಲ. ನನ್ನ ಮಗಳ ಸರ್ಟಿಫಿಕೇಟಿಗೆ ಒಂದು ಕಚೇರಿಗೆ ಏಳು ಸಲ ಹೋದೆ. ಒಂದು ಸಲ ಸಾಹೇಬರಿಲ್ಲ, ಒಂದು ಸಲ ಸರ್ವರ್ ಇಲ್ಲ, ಒಂದು ಸಲ ನನ್ನ ಶಾಲೆಯ ದಾಖಲೆಯಲ್ಲಿ ಊರಿನ ಹೆಸರಿಗೆ ಒಂದು ಒತ್ತಕ್ಷರ ಜಾಸ್ತಿ. ಇನ್ನು ಮೀಸಲು ಹುದ್ದೆ ಇದ್ದರೂ ತುಂಬಬೇಕಲ್ಲ? ಖಾಲಿ ಕುರ್ಚಿಯ 80 ಶೇಕಡಾ ತಗೊಂಡು ಏನು ಮಾಡೋದು?

ಆದರೂ ಒಂದು ಮಾತು ಒಪ್ಪಬೇಕು. ಎಂಟನೇ ಸಲಕ್ಕೆ ಸರ್ಟಿಫಿಕೇಟ್ ಬಂತು. ಮಗಳಿಗೆ ಸೀಟ್ ಸಿಕ್ಕಿತು. ಆ ಗುಮಾಸ್ತ ಅಲೆದಾಡಿಸಬಹುದಿತ್ತು, ಆದರೆ "ಇಲ್ಲ, ನಿಮಗೆ ಹಕ್ಕಿಲ್ಲ" ಅನ್ನೋಕೆ ಆಗುತ್ತಿರಲಿಲ್ಲ. ಸಂವಿಧಾನದಲ್ಲಿ ಬರೆದಿದೆ. ಬೆಂಗಳೂರಿನ ವಿಧಾನಸೌಧ ತಾನೊಂದೇ ಕೂತು ಅದನ್ನು ಅಳಿಸುವ ಹಾಗಿಲ್ಲ. ತೆಲಂಗಾಣದ ಒಪ್ಪಂದಕ್ಕೂ ನಮ್ಮದಕ್ಕೂ ಇರುವ ಫರಕು ಇಷ್ಟೇ, ಆದರೆ ಇದೇ ದೊಡ್ಡದು.

ಈಗ ಈ ಕೋಲು ಹಿಡಿದು ಸ್ಕಾಟ್ಲೆಂಡ್ ಅಳೆಯೋಣ.

1979ರಲ್ಲಿ ಸ್ವಂತ ಸಭೆ ಬೇಕಾ ಅಂತ ಕೇಳಿದಾಗ 51.6 ಶೇಕಡಾ ಜನ ಹೌದು ಅಂದರು. ಆದರೂ ಸಿಗಲಿಲ್ಲ. ಒಟ್ಟು ಮತದಾರರಲ್ಲಿ 40 ಶೇಕಡಾ ಹೌದು ಅನ್ನಬೇಕು ಅಂತ ಕಾನೂನಿನಲ್ಲಿ ಒಂದು ಸಾಲು ಸೇರಿಸಿದ್ದರು. ಮನೆಯಲ್ಲಿ ಮಲಗಿದವನೂ, ಸತ್ತು ಪಟ್ಟಿಯಲ್ಲಿ ಉಳಿದವನೂ ಬೇಡ ಅಂದ ಲೆಕ್ಕ! 1997ರಲ್ಲಿ ಮತ್ತೆ ಕೇಳಿದರು, ಈ ಸಲ 74.3 ಶೇಕಡಾ. 1999ರಿಂದ 129 ಸದಸ್ಯರ ಸಂಸತ್ತು ಎಡಿನ್‌ಬರೋದಲ್ಲಿದೆ. ಆಸ್ಪತ್ರೆ, ಶಾಲೆ, ಪೊಲೀಸು ಅದರ ಕೈಯಲ್ಲಿ. ಸೈನ್ಯ, ವಿದೇಶ, ನಾಣ್ಯ ಲಂಡನ್ ಕೈಯಲ್ಲಿ.

2014ರ ಮತದಾನಕ್ಕೆ ಎರಡು ದಿನ ಮೊದಲು ಲಂಡನ್ನಿನ ಮೂರೂ ಪಕ್ಷದ ನಾಯಕರು ಒಂದು ಪತ್ರಿಕೆಯ ಮುಖಪುಟದಲ್ಲಿ ವಚನ ಕೊಟ್ಟರು: ಬೇಡ ಅನ್ನಿ, ಜಾಸ್ತಿ ಅಧಿಕಾರ ಕೊಡುತ್ತೇವೆ. ಜನ ಬೇಡ ಅಂದರು. 84.6 ಶೇಕಡಾ ಮತದಾನ, 55.3 ಶೇಕಡಾ ಬೇಡ, 44.7 ಬೇಕು. ಆದರೆ ನಮ್ಮ ಅಳಿಯ ಇರುವ ಗ್ಲಾಸ್ಗೋ ಬೇಕು ಅಂದಿತ್ತು.

ವಚನ ಉಳಿಸಿಕೊಂಡರಾ? ಮುಕ್ಕಾಲು ಉಳಿಸಿಕೊಂಡರು. 2016ರಲ್ಲಿ ಹೊಸ ಕಾಯ್ದೆ ಬಂತು, ಆದಾಯ ತೆರಿಗೆಯ ದರ ನಿಗದಿ ಮಾಡುವುದು ಎಡಿನ್‌ಬರೋ ಕೈಗೆ ಹೋಯಿತು. ಅದೇ ಕಾಯ್ದೆಯಲ್ಲಿ ಇನ್ನೊಂದು ಸಾಲು ಇದೆ. ಸ್ಕಾಟ್ಲೆಂಡಿಗೆ ಬಿಟ್ಟ ವಿಷಯದಲ್ಲಿ ಅವರ ಒಪ್ಪಿಗೆ ಇಲ್ಲದೆ ಲಂಡನ್ "ಸಾಮಾನ್ಯವಾಗಿ" ಕಾನೂನು ಮಾಡುವುದಿಲ್ಲ. ಈ "ಸಾಮಾನ್ಯವಾಗಿ" ಅನ್ನುವ ಪದ ನೋಡಿದಾಗ ನನಗೆ ನಮ್ಮ ಕಾಕಾ ನೆನಪಾದ. ಸಾಮಾನ್ಯವಾಗಿ ದಾರಿ ಬಿಡ್ತೀನಿ, ತೊಗರಿ ಬಿತ್ತೋ ವರ್ಷ ಮಾತ್ರ ಇಲ್ಲ! 2017ರ ಜನವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಹೇಳಿಯೇಬಿಟ್ಟಿತು, ಈ ಸಾಲು ರಾಜಕೀಯ ನಡಾವಳಿ, ಕೋರ್ಟು ಇದನ್ನು ಕಾಯುವುದಿಲ್ಲ ಅಂತ.

ನಡುವೆ 2016ರಲ್ಲಿ ಬ್ರೆಕ್ಸಿಟ್ ಮತದಾನ ಆಯಿತು, ಅಂದರೆ ಬ್ರಿಟನ್ ಯುರೋಪಿನ ಒಕ್ಕೂಟ ಬಿಡಬೇಕಾ ಅಂತ. ಸ್ಕಾಟ್ಲೆಂಡಿನಲ್ಲಿ 62 ಶೇಕಡಾ ಜನ ಯುರೋಪಿನಲ್ಲೇ ಇರೋಣ ಅಂದಿದ್ದರು. ಒಟ್ಟು ಬ್ರಿಟನ್ 51.9 ಶೇಕಡಾ ಬಿಡೋಣ ಅಂದಿತು. 2020ರಲ್ಲಿ ಬಿಟ್ಟರು. 2014ರಲ್ಲಿ "ಬೇರೆ ಆದರೆ ಯುರೋಪು ತಪ್ಪಿಹೋಗುತ್ತದೆ" ಅಂತ ಹೆದರಿಸಿದವರು ಆರು ವರ್ಷದೊಳಗೆ ಅವರನ್ನೂ ಎಳೆದುಕೊಂಡು ಹೊರಗೆ ಬಂದರು. ನನ್ನ ಪ್ರಕಾರ ಸ್ಕಾಟರ ಸಿಟ್ಟಿನಲ್ಲಿ ಅತ್ಯಂತ ನ್ಯಾಯವಾದ ಭಾಗ ಇದು.

ಅಂದರೆ ಎರಡನೇ ದಾರಿ ತೆಲಂಗಾಣದ ಒಪ್ಪಂದಕ್ಕಿಂತ ಗಟ್ಟಿ, 371(ಜೆ)ಗಿಂತ ಸಡಿಲ. ದೊಡ್ಡವನು ಒಬ್ಬನೇ ಕೂತು ತಿದ್ದಬಹುದಾದ ಕಾಗದ.

ದಾರಿ ಮೂರು: ಪೂರ್ತಿ ಬೇರೆ

ಸಣ್ಣ ದೇಶ ಬದುಕೋದಿಲ್ಲ ಅನ್ನುವ ವಾದವನ್ನು ಮೊದಲೇ ಪಕ್ಕಕ್ಕಿಡಿ. ಡೆನ್ಮಾರ್ಕಿನಿಂದ 1944ರಲ್ಲಿ ಪೂರ್ತಿ ಬಿಡಿಸಿಕೊಂಡ ಐಸ್‌ಲ್ಯಾಂಡಿನ ಜನಸಂಖ್ಯೆ ಇವತ್ತಿಗೂ ನಮ್ಮ ಕಲಬುರಗಿ ಪಟ್ಟಣಕ್ಕಿಂತ ಕಡಿಮೆ. ಚೆನ್ನಾಗೇ ಇದ್ದಾರೆ. ಹಾಗೇ, ಬೇರೆ ಆದ ತಕ್ಷಣ ಬಂಗಾರ ಸುರಿಯುತ್ತದೆ ಅನ್ನುವ ವಾದವನ್ನೂ ಪಕ್ಕಕ್ಕಿಡಿ. ದಕ್ಷಿಣ ಸುಡಾನ್ 2011ರಲ್ಲಿ 98.83 ಶೇಕಡಾ ಮತದಿಂದ ಬೇರೆ ಆಯಿತು. ಎಣ್ಣೆ ಬಾವಿ ಹೆಚ್ಚಿನವು ಇವರ ಪಾಲಿಗೆ, ಬಂದರಿಗೆ ಹೋಗುವ ಪೈಪು ಉತ್ತರದವರ ಪಾಲಿಗೆ. ಬಾಡಿಗೆ ಜಗಳದಲ್ಲಿ 2012ರ ಜನವರಿಗೆ ಎಣ್ಣೆ ತೆಗೆಯುವುದನ್ನೇ ನಿಲ್ಲಿಸಿದರು. 2013ರ ಡಿಸೆಂಬರಿಗೆ ಒಳಗೊಳಗೇ ಯುದ್ಧ. ಬಾವಿ ಒಬ್ಬರದು, ದಾರಿ ಒಬ್ಬರದು. ನಮ್ಮ ಹೊಲದ ಜಗಳದಲ್ಲಿ ಸದ್ಯ ಯಾರೂ ಬಂದೂಕು ಹಿಡಿಯಲಿಲ್ಲ.

ಇನ್ನೊಂದು ತುದಿಗೆ ಸಿಂಗಾಪುರ. 1965ರ ಆಗಸ್ಟ್ 9ಕ್ಕೆ ಮಲೇಷ್ಯಾ ಇವರನ್ನು ಹೊರಗೆ ಹಾಕಿತು. ಅಲ್ಲಿನ ಪ್ರಧಾನಿ ಲೀ ಕ್ವಾನ್ ಯೂ ಟಿವಿಯಲ್ಲಿ ಕಣ್ಣೀರು ಹಾಕಿದರು. ಕುಡಿಯುವ ನೀರು ಮಲೇಷ್ಯಾದ ಜೊಹೋರ್‌ನಿಂದ ಬರಬೇಕು. ಆದರೆ ನೀರಿನ ಒಪ್ಪಂದ 1961 ಮತ್ತು 1962ರಲ್ಲೇ ಆಗಿತ್ತು, ಬೇರೆಯಾಗುವ ಕಾಗದದಲ್ಲೂ ಅದನ್ನು ಖಾತ್ರಿ ಮಾಡಿದರು, ವಿಶ್ವಸಂಸ್ಥೆಯಲ್ಲಿ ನೋಂದಾಯಿಸಿದರು. 1962ರ ಒಪ್ಪಂದ 2061ರವರೆಗೆ ನಡೆಯುತ್ತದೆ. ರೇಟಿನ ಬಗ್ಗೆ ಇಬ್ಬರೂ ಎಷ್ಟೋ ಸಲ ಜಗಳ ಆಡಿದ್ದಾರೆ, ನೀರು ಮಾತ್ರ ನಿಂತಿಲ್ಲ. ಬಾಂಡ್ ಪೇಪರ್ ಹೀಗೆ ಬರೆಯಬೇಕು.

ಈಗ ಸ್ಕಾಟ್ಲೆಂಡ್ ಬೇರೆ ಆದರೆ ಕೂಡಿಯೇ ಉಳಿಯುವ ವಸ್ತುಗಳು.

ನಾಣ್ಯ

ನಮ್ಮ ಅಜ್ಜಿಯ ತಗಡಿನ ಡಬ್ಬಿಯಲ್ಲಿ ಒಂದು ಬೆಳ್ಳಿ ರೂಪಾಯಿ ಇದೆ. ಒಂದು ಕಡೆ ಚಾರ್‌ಮಿನಾರ್, ಅದರ ಬಾಗಿಲಲ್ಲಿ ಉರ್ದುವಿನ ಒಂದು ಅಕ್ಷರ. ಹಾಲಿ ಸಿಕ್ಕಾ. ನಿಜಾಮರ ಕಾಲದಲ್ಲಿ ಇಲ್ಲಿ ಓಡುತ್ತಿದ್ದ ದುಡ್ಡು. ಬ್ರಿಟಿಷ್ ರೂಪಾಯಿಗೆ ಕಲ್ದಾರ್ ಅನ್ನುತ್ತಿದ್ದರು. ಕಲ್ದಾರಿಗೆ ಬೆಲೆ ಜಾಸ್ತಿ. ಸೊಲ್ಲಾಪುರದ ಸಂತೆಗೆ ಹೋಗುವವರು ಸಿಕ್ಕಾ ಕೊಟ್ಟು ಕಲ್ದಾರ್ ತಗೊಳ್ಳಬೇಕು, ನಡುವೆ ಬದಲಿಸಿ ಕೊಡುವವನು ತನ್ನ ಬಟ್ಟಾ ಮುರಿದುಕೊಳ್ಳುತ್ತಿದ್ದ. ಅಜ್ಜಿಗೆ ಲೆಕ್ಕ ಬರುತ್ತಿರಲಿಲ್ಲ, ಆದರೆ ಬಟ್ಟಾ ಲೆಕ್ಕ ಮಾತ್ರ ಬಾಯಲ್ಲೇ ಇತ್ತು.

ಹೈದರಾಬಾದ್ ರಾಜ್ಯಕ್ಕೆ ಸ್ವಂತ ನಾಣ್ಯ, ಸ್ವಂತ ರೈಲು, ಸ್ವಂತ ಅಂಚೆ, ಸ್ವಂತ ಸೈನ್ಯ ಎಲ್ಲಾ ಇತ್ತು. ಒಂದೂವರೆ ಕೋಟಿಗಿಂತ ಜಾಸ್ತಿ ಜನ. 1947ರ ಆಗಸ್ಟ್‌ನಿಂದ 1948ರ ಸೆಪ್ಟೆಂಬರ್ 17ರವರೆಗೆ, ಹದಿಮೂರು ತಿಂಗಳು, ನಿಜಾಮರು ನಾವು ಬೇರೆ ಅಂತಲೇ ಕೂತಿದ್ದರು. ನಾಣ್ಯ ಇತ್ತು, ಸಮುದ್ರ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಜನರನ್ನು ಯಾರೂ ಕೇಳಿರಲಿಲ್ಲ. ನಿಜಾಮರ ಪರ ನಿಂತ ಖಾಸಗಿ ಪಡೆ ರಜಾಕಾರರ ಕಾಟಕ್ಕೆ ಊರು ಬಿಟ್ಟವರ ಕಥೆ ಇಲ್ಲಿ ಮನೆಮನೆಯಲ್ಲೂ ಇದೆ. ಸ್ಕಾಟ್ಲೆಂಡನ್ನು ಇದಕ್ಕೆ ಹೋಲಿಸುವುದು ಸರಿಯಲ್ಲ, ಅಲ್ಲಿ ಕೇಳಿದ್ದೇ ಜನರನ್ನು. ಆದರೆ ಸ್ವಂತ ನಾಣ್ಯ ಇದ್ದರೆ ಸಾಕು ಅಂದುಕೊಂಡವರಿಗೆ ಅಜ್ಜಿಯ ಡಬ್ಬಿ ತೋರಿಸಬಹುದು.

2014ರಲ್ಲಿ ಸ್ವಾತಂತ್ರ್ಯ ಬೇಕು ಅಂದವರು ಪೌಂಡನ್ನೇ ಇಟ್ಟುಕೊಳ್ಳುತ್ತೇವೆ ಅಂದರು. ಆಗಿನ ಬ್ರಿಟನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಫೆಬ್ರವರಿಯಲ್ಲೇ "ಬೇರೆ ಹೋದರೆ ಪೌಂಡಿನಲ್ಲಿ ಪಾಲು ಇಲ್ಲ" ಅಂತ ಹೇಳಿದರು. ಬಾವಿ ಯಾರದು ಅನ್ನೋದೇ ಗೊತ್ತಾಗದೆ ವಾಟ್ನಿ ಮಾಡಿದ ಹಾಗಾಯಿತು. ಬೇರೆಯವರು ಏನು ಮಾಡಿದ್ದಾರೆ ನೋಡಿ. ಐರ್ಲೆಂಡ್ 1922ರಲ್ಲಿ ಬೇರೆ ಆದರೂ ತನ್ನ ಪೌಂಡನ್ನು ಬ್ರಿಟನ್ನಿನ ಪೌಂಡಿಗೆ ಒಂದಕ್ಕೊಂದರಂತೆ 1979ರವರೆಗೆ ಕಟ್ಟಿಹಾಕಿತ್ತು. ಮಾಂಟೆನೆಗ್ರೋ ಸರ್ಬಿಯಾದಿಂದ ಬೇರೆ ಆಗುವ ಮೊದಲೇ ಯೂರೋ ಬಳಸುತ್ತಿತ್ತು, ಯಾರನ್ನೂ ಕೇಳದೆ. ಜೆಕ್ ಮತ್ತು ಸ್ಲೋವಾಕರ ಕಥೆ ನನಗೆ ಬಹಳ ಇಷ್ಟ. 1993ರ ಜನವರಿ 1ಕ್ಕೆ ಜಗಳವಿಲ್ಲದೆ ಬೇರೆ ಆದರು. ಆಸ್ತಿ ಜನಸಂಖ್ಯೆಯ ಪ್ರಕಾರ ಎರಡಕ್ಕೆ ಒಂದು, ಕಟ್ಟಡ ಎಲ್ಲಿದೆಯೋ ಅಲ್ಲಿಯವರಿಗೆ. ನಾಣ್ಯ ಮಾತ್ರ ಕೆಲವು ತಿಂಗಳು ಒಂದೇ ಇರಲಿ ಅಂದರು. ಆರು ವಾರವೂ ತಡೆಯಲಿಲ್ಲ. ಫೆಬ್ರವರಿ 8ಕ್ಕೆ ಬೇರೆ ನಾಣ್ಯ. ಹೊಸ ನೋಟು ಸಾಕಷ್ಟು ಅಚ್ಚಾಗಿರಲಿಲ್ಲ, ಹಳೇ ನೋಟಿಗೇ ಅಂಚೆ ಚೀಟಿಯಂಥ ಸ್ಟಾಂಪು ಅಂಟಿಸಿ ಓಡಿಸಿದರು! ಅಷ್ಟು ಸಭ್ಯವಾಗಿ ಪಾಲಾದವರಿಗೇ ಹೀಗಾದರೆ ಉಳಿದವರ ಗತಿ ಏನು?

ನಾಕಾ

ನಿಜಾಮರ ಗಡಿಯಲ್ಲಿ ಕರೋಡಗಿರಿ ನಾಕಾ ಇರುತ್ತಿತ್ತು. ಸಾಮಾನು ಬಿಚ್ಚಿ ತೋರಿಸಿ ಸುಂಕ ಕಟ್ಟಬೇಕು. ಸ್ಕಾಟ್ಲೆಂಡಿನ ವ್ಯಾಪಾರ ಅರ್ಧಕ್ಕಿಂತ ಜಾಸ್ತಿ ಬ್ರಿಟನ್ನಿನ ಉಳಿದ ಭಾಗದ ಜೊತೆಯೇ ಇದೆ. 2014ರಲ್ಲಿ ಎರಡೂ ಕಡೆ ಯುರೋಪಿನ ಒಕ್ಕೂಟವೇ ಇದ್ದಿದ್ದರಿಂದ ನಾಕಾದ ಚಿಂತೆ ಕಡಿಮೆ ಇತ್ತು. ಬ್ರೆಕ್ಸಿಟ್ ಆದ ಮೇಲೆ ಸ್ಕಾಟ್ಲೆಂಡ್ ಬೇರೆ ಆಗಿ ಯುರೋಪು ಸೇರಿದರೆ ಇಂಗ್ಲೆಂಡಿನ ಗಡಿಯೇ ಯುರೋಪಿನ ಗಡಿ ಆಗುತ್ತದೆ. ಒಂದೇ ಬ್ರೆಕ್ಸಿಟ್ಟು, ಬೇರೆ ಹೋಗೋಕೆ ಕಾರಣವನ್ನೂ ಜಾಸ್ತಿ ಮಾಡಿತು, ಹೋಗುವ ಖರ್ಚನ್ನೂ ಜಾಸ್ತಿ ಮಾಡಿತು. ಇದನ್ನು ಅಳಿಯನ ಆಫೀಸಿನಲ್ಲಿ ಯಾರಾದರೂ ಹೇಳುತ್ತಾರಾ ಗೊತ್ತಿಲ್ಲ. ಎರಡೂ ಕಡೆಯವರು ಅರ್ಧ ಅರ್ಧ ಹೇಳುತ್ತಾರೆ.

ಎಣ್ಣೆ, ಸಾಲ, ಜಲಾಂತರ್ಗಾಮಿ

ಉತ್ತರ ಸಮುದ್ರದ ಎಣ್ಣೆ ಬಹಳಷ್ಟು ಸ್ಕಾಟ್ಲೆಂಡಿನ ಕಡೆಗೇ ಬೀಳುತ್ತದೆ. 2013ರಲ್ಲಿ ಎಡಿನ್‌ಬರೋ ಸರ್ಕಾರ 670 ಪುಟದ ದೊಡ್ಡ ಯೋಜನೆ ತಂದಾಗ ಎಣ್ಣೆ ಬ್ಯಾರಲಿಗೆ ಸುಮಾರು 110 ಡಾಲರ್ ಅಂತ ಹಿಡಿದಿತ್ತು. 2015ರ ಜನವರಿಗೆ ಅದು 50ರ ಕೆಳಗೆ ಬಂತು. ತೊಗರಿ ಬಿತ್ತುವಾಗ ಇದ್ದ ರೇಟು ರಾಶಿ ಮಾಡುವಾಗ ಇರುತ್ತದೆ ಅಂತ ನಂಬಿ ಟ್ರ್ಯಾಕ್ಟರ್ ಸಾಲ ಮಾಡಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಇನ್ನು ತಲಾ ಲೆಕ್ಕದಲ್ಲಿ ಸ್ಕಾಟ್ಲೆಂಡಿಗೆ ಆಗುವ ಸರ್ಕಾರಿ ಖರ್ಚು ಬ್ರಿಟನ್ನಿನ ಸರಾಸರಿಗಿಂತ ಜಾಸ್ತಿ. ಬೇರೆ ಆದ ದಿನ ಆ ಕೊರತೆ ತಾನೇ ತುಂಬಿಕೊಳ್ಳಬೇಕು. ಬ್ರಿಟನ್ನಿನ ಅಣ್ವಸ್ತ್ರ ಜಲಾಂತರ್ಗಾಮಿಗಳು ಇರುವುದು ಸ್ಕಾಟ್ಲೆಂಡಿನ ಫಾಸ್ಲೇನ್‌ನಲ್ಲಿ. ಚೌಕಾಸಿಗೆ ಕೂತಾಗ ಸಣ್ಣವನ ಕೈಯಲ್ಲಿ ಇರುವ ಒಂದೇ ದೊಡ್ಡ ಎಲೆ ಅದು ಅಂತ ನನ್ನ ಗುಮಾನಿ.

ಕೇಳುವವರು ಯಾರು, ಎಷ್ಟಾದರೆ ಸಾಕು?

ನಾರ್ವೆ 1905ರಲ್ಲಿ ಸ್ವೀಡನ್ನಿನಿಂದ ಬೇರೆ ಆಗುವಾಗ 3,68,208 ಜನ ಹೌದು ಅಂದರು, ಬೇಡ ಅಂದವರು 184. ಅಷ್ಟಾದರೆ ವಾದವೇ ಇಲ್ಲ. ಕೆನಡಾದ ಕ್ವಿಬೆಕ್‌ ಪ್ರಾಂತ್ಯದಲ್ಲಿ 1995ಕ್ಕೆ ಬೇಡ 50.58, ಬೇಕು 49.42. ಅತ್ತ ಒಂದು ಚೂರು ವಾಲಿದ್ದರೆ ಅರ್ಧ ಜನ ಒಪ್ಪದ ದೇಶ ಒಂದು ಹುಟ್ಟುತ್ತಿತ್ತು. ಮಾಂಟೆನೆಗ್ರೋಗೆ 2006ರಲ್ಲಿ ಯುರೋಪಿನವರು 55 ಶೇಕಡಾ ಬೇಕು ಅಂತ ಮೊದಲೇ ಗೆರೆ ಹಾಕಿದರು, 55.5 ಬಂತು, ದಾಟಿದರು. ನನಗೆ ಈ ಪದ್ಧತಿ ಸರಿ ಅನ್ನಿಸುತ್ತದೆ. ಗೆರೆ ಆಟಕ್ಕೆ ಮೊದಲು ಹಾಕಬೇಕು, ಇಬ್ಬರೂ ಒಪ್ಪಿ ಹಾಕಬೇಕು. 1979ರ 40 ಶೇಕಡಾದ ಗೆರೆಯ ಹಾಗೆ ಒಬ್ಬನೇ ಎಳೆಯಬಾರದು.

ಪಶ್ಚಿಮ ಆಸ್ಟ್ರೇಲಿಯಾದವರು 1933ರಲ್ಲಿ ಮೂರರಲ್ಲಿ ಎರಡು ಪಾಲು ಜನ ಬೇರೆ ಹೋಗೋಣ ಅಂದರು. ಲಂಡನ್ 1935ರಲ್ಲಿ ಆ ಅರ್ಜಿಯನ್ನೇ ತಗೊಳ್ಳಲಿಲ್ಲ. ಇವತ್ತಿಗೂ ಅಲ್ಲೇ ಇದ್ದಾರೆ. ಸ್ಕಾಟ್ಲೆಂಡಿನ ಬಾಗಿಲ ಕೀಲಿಯೂ ಲಂಡನ್ ಕೈಯಲ್ಲೇ ಇದೆ. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಎಡಿನ್‌ಬರೋ ಸಂಸತ್ತು ತಾನಾಗಿ ಇನ್ನೊಂದು ಮತದಾನ ನಡೆಸುವ ಹಾಗಿಲ್ಲ ಅಂತ ಹೇಳಿತು. ಯಾವಾಗ, ಯಾವ ಕಾರಣಕ್ಕೆ ಮತ್ತೆ ಕೇಳಬಹುದು ಅನ್ನುವುದು ಎಲ್ಲೂ ಬರೆದಿಲ್ಲ. ಉತ್ತರ ಐರ್ಲೆಂಡಿಗೆ 1998ರ ಒಪ್ಪಂದದಲ್ಲಿ ಅದನ್ನು ಬರೆದು ಕೊಟ್ಟಿದ್ದಾರೆ, ಜನ ಬದಲಾಗಿದ್ದಾರೆ ಅಂತ ಕಂಡರೆ ಮಂತ್ರಿ ಮತದಾನ ಕರೆಯಲೇಬೇಕು. ಸ್ಕಾಟ್ಲೆಂಡಿಗೆ ಅಷ್ಟೂ ಇಲ್ಲ.

ಅಳಿಯನಿಗೆ ಹೇಳಿದ್ದು

ಮುಂದಿನ ಭಾನುವಾರ ನಾನೇ ಫೋನ್ ಮಾಡಿದೆ. ಹೊರಗೆ ಮಳೆ ಅಂದ. ಅಲ್ಲಿ ಯಾವಾಗಲೂ ಮಳೆಯೇ.

2014ರಲ್ಲಿ ನಾನು ಅಲ್ಲಿದ್ದಿದ್ದರೆ ಬೇಡ ಅಂತಿದ್ದೆ ಅಂದೆ. ನಾಣ್ಯ ಗೊತ್ತಿಲ್ಲ, ಯುರೋಪು ಗೊತ್ತಿಲ್ಲ, ಎಣ್ಣೆ ರೇಟು ಊಹೆ, ಎದುರಿಗೆ ವಚನ ಕೊಡುವವರು ಸಾಲುಗಟ್ಟಿ ನಿಂತಿದ್ದಾರೆ. ಈಗ ಕೇಳಿದರೆ ಬೇರೆ ಉತ್ತರ. ಕೂಡಿ ಇರು ಅನ್ನುವವರು ಮೊದಲು ಆ "ಸಾಮಾನ್ಯವಾಗಿ" ಅನ್ನುವ ಪದ ತೆಗೆಯಲಿ, ಮತ್ತೆ ಕೇಳುವ ದಾರಿಯನ್ನು ಕಾನೂನಿನಲ್ಲಿ ಬರೆಯಲಿ. ಬರೆದರೆ ಎರಡನೇ ದಾರಿಗೆ ನನ್ನ ಮತ. 371(ಜೆ) ಎಷ್ಟು ಕುಂಟಿದರೂ ಅದರಿಂದ ನನ್ನ ಮಗಳಿಗೆ ಸೀಟ್ ಸಿಕ್ಕಿದ್ದನ್ನು ಕಣ್ಣಾರೆ ನೋಡಿದವನು ನಾನು. ಬರೆಯುವುದಿಲ್ಲ ಅಂದರೆ ಮೂರನೇ ದಾರಿ ಕಡೆ ವಾಲುತ್ತೇನೆ. ಆದರೆ ನಾಣ್ಯ ಮತ್ತು ನಾಕಾ ಎರಡರ ಕರಡು ಮತದಾನಕ್ಕೆ ಮೊದಲೇ ಮನೆಮನೆಗೆ ಬಂದಿರಬೇಕು, ಆಮೇಲೆ ನೋಡೋಣ ಅನ್ನಬಾರದು.

"ಅಂದ್ರ ಬೇಕು ಅಂತೀಯೋ ಬ್ಯಾಡ ಅಂತೀಯೋ ಮಾಮಾ? ಆಫೀಸಿನ್ಯಾಗ ಒಂದ್ ಮಾತಿನ್ಯಾಗ ಕೇಳ್ತಾರ."

"ಒಂದ್ ಮಾತಿನ್ಯಾಗ ನಿಮ್ಮ ಅಜ್ಜ ಹೊಲಾ ಹಂಚಿದ್ದ ತಮ್ಮಾ" ಅಂದೆ.

ನಕ್ಕ. ಆಮೇಲೆ ಕೇಳಿದ, "ಆ ದಾರಿ ಈಗ ಹ್ಯಾಂಗದ?"

ಕಾಕಾನ ಮಗ ಈಗ ಬೋರ್‌ವೆಲ್ ಹಾಕಿಸಿದ್ದಾನೆ, ನಾವೂ ಒಂದು ಹಾಕಿಸಿದ್ದೇವೆ. ಬಾವಿ ಬತ್ತಿ ಹದಿನೈದು ವರ್ಷ ಆಯಿತು. ದಾರಿ ಮಾತ್ರ ಹಾಗೇ ಇದೆ, ಕೋರ್ಟಿನ ಆದೇಶದ ಪ್ರಕಾರ ಸರಿಯಾಗಿ ಆರು ಅಡಿ.